ಹಳ್ಳಿ ಮನೆ ಮದುವೆ: 'ಈ ಕಡೆ ನೋಡಿ' ಅನ್ನದೆ ಫೋಟೋ ತೆಗೆಯುವುದು ಹೇಗೆ?

ಛತ್ರದಲ್ಲಿ ಮದುವೆ ಸ್ಟೇಜಿನ ಮೇಲೆ ನಡೆಯುತ್ತದೆ. ಮನೆ ಮುಂದೆ ಚಪ್ಪರ ಹಾಕಿ ಮಾಡಿದರೆ ಅದು ಎಲ್ಲ ಕಡೆಯೂ ನಡೆಯುತ್ತದೆ. ಹಿತ್ತಲಲ್ಲಿ ಯಾರೋ ಕಾಯಿ ಸುಲಿಯುತ್ತಿರುತ್ತಾರೆ. ನಡುಮನೆಯಲ್ಲಿ ಯಾರದೋ ಸೀರೆ ನೆರಿಗೆ ಸರಿಹೋಗುತ್ತಿರುವುದಿಲ್ಲ. ಜಗಲಿ ಮೇಲೆ ಕೂತ ಬೀಗರಿಗೆ ಕಾಫಿ ಸಾಲದೆ ಹುಡುಗಿಯ ಚಿಕ್ಕಪ್ಪ ಒಳಗೂ ಹೊರಗೂ ಓಡಾಡುತ್ತಿರುತ್ತಾರೆ. ಫೋಟೋಗ್ರಾಫರ್‌ಗೆ ಎರಡೇ ಕಾಲು. ಎಲ್ಲಿ ನಿಲ್ಲಬೇಕು ಅನ್ನುವುದೇ ಇಲ್ಲಿ ಮುಕ್ಕಾಲು ಕೆಲಸ.

ನನಗೆ ಬರುವ ಕೆಲಸದಲ್ಲಿ ಈಗೀಗ ಮಂಡ್ಯ ಜಿಲ್ಲೆಯ ಪಾಂಡವಪುರ, ಶ್ರೀರಂಗಪಟ್ಟಣ, ಮಳವಳ್ಳಿ ಕಡೆಯ ತೋಟದ ಮನೆ, ತೊಟ್ಟಿಮನೆ ಮದುವೆಗಳೇ ಜಾಸ್ತಿ. ಕರೆಯುವವರು 'ಡಾಕ್ಯುಮೆಂಟರಿ ಥರ ತೆಗೀರಿ' ಅನ್ನುತ್ತಾರೆ. ಅಂದರೆ ನಡೆಯುವುದನ್ನು ನಡೆದ ಹಾಗೇ ತೆಗೆಯಬೇಕು. ಯಾರನ್ನೂ ನಿಲ್ಲಿಸಬಾರದು, ಮಾಡಿದ್ದನ್ನು ಮತ್ತೆ ಮಾಡಿಸಬಾರದು. ನಮ್ಮ ಲೈನಿನಲ್ಲಿ ಇದಕ್ಕೆ ಕ್ಯಾಂಡಿಡ್ ಅನ್ನುವ ಹೆಸರಿದೆ. ಆದರೆ 'ಮೇಡಂ, ಆ ಕಡೆ ನೋಡ್ಕೊಂಡು ಸುಮ್ನೆ ನಗಿ' ಅಂತ ಹೇಳಿ ತೆಗೆದದ್ದೂ ಕ್ಯಾಂಡಿಡ್ ಲೆಕ್ಕಕ್ಕೇ ಹೋಗುತ್ತದೆ. ಅದನ್ನು ಬಿಟ್ಟು ಮಾತಾಡೋಣ.

ವಾರ ಮೊದಲೇ ಮನೆ ನೋಡಿ ಬನ್ನಿ

ಕ್ಯಾಮೆರಾ ಬ್ಯಾಗ್ ಬೇಡ, ಫೋನ್ ಸಾಕು. ಮುಹೂರ್ತ ಎಷ್ಟು ಗಂಟೆಗೋ ಅಷ್ಟು ಹೊತ್ತಿಗೇ ಹೋಗಿ. ಸಂಜೆ ಹೋಗಿ ಕಾಫಿ ಕುಡಿದು ಬಂದರೆ ಬೆಳಕಿನ ವಿಷಯ ಒಂದೂ ಗೊತ್ತಾಗುವುದಿಲ್ಲ.

ತೊಟ್ಟಿಮನೆಯಾದರೆ ಮೊದಲು ತೊಟ್ಟಿಯಲ್ಲಿ ನಿಂತು ತಲೆ ಎತ್ತಿ. ಆಕಾಶ ಕಾಣುತ್ತದೋ, ಫೈಬರ್ ಶೀಟ್ ಹಾಕಿ ಮುಚ್ಚಿದ್ದಾರೋ? ತೆರೆದ ತೊಟ್ಟಿ ಇದ್ದರೆ ನಿಮ್ಮ ಅದೃಷ್ಟ. ಮೇಲಿಂದ ಬಿದ್ದ ಬಿಸಿಲು ನೆಲಕ್ಕೆ ತಾಗಿ ಸುತ್ತಲ ಪಡಸಾಲೆಗೆ ಮೆತ್ತಗೆ ಹರಡುತ್ತದೆ. ಕಂಬಕ್ಕೆ ಒರಗಿ ತೊಟ್ಟಿ ಕಡೆ ಮುಖ ಮಾಡಿ ಕೂತವರ ಫೋಟೋ ಕೆಡಿಸುವುದೇ ಕಷ್ಟ.

ಮದುಮಗಳಿಗೆ ಅಲಂಕಾರ ಎಲ್ಲಿ ಮಾಡುತ್ತಾರೆ ಅಂತ ಕೇಳಿ. ಬಹಳ ಮನೆಗಳಲ್ಲಿ ಒಳಕೋಣೆ, ಹಾಕಿದ ಬಾಗಿಲು, ಒಂದು ಟ್ಯೂಬ್‌ಲೈಟ್. 'ಅಕ್ಕಾ, ಆ ಕಿಟಕಿ ಪಕ್ಕ ಚಾಪೆ ಹಾಕ್ಕೊಂಡ್ರೆ ಗಾಳಿನೂ ಬರುತ್ತೆ' ಅಂತ ಅವತ್ತೇ ಹೇಳಿಬಿಡಿ. ಬೆಳಕಿನ ಮಾತು ಎತ್ತಿದರೆ ಯಾರೂ ಕೇಳುವುದಿಲ್ಲ. ಸೆಕೆ ಅಂದರೆ ಎಲ್ಲರೂ ಒಪ್ಪುತ್ತಾರೆ.

ಆಮೇಲೆ ದಿಕ್ಕು. ಹಸೆಮಣೆಯನ್ನು ಪೂರ್ವಕ್ಕೆ ಮುಖ ಮಾಡಿ ಹಾಕುವುದು ರೂಢಿ. ಮುಹೂರ್ತ ಬೆಳಗ್ಗೆ ಏಳೂವರೆಗೆ ಇದ್ದರೆ ಎಳೆ ಬಿಸಿಲು ನೇರ ಹುಡುಗ ಹುಡುಗಿಯ ಮುಖಕ್ಕೆ ಹೊಡೆಯುತ್ತದೆ. ಎದುರಿಗೆ ನಿಂತರೆ ನಿಮ್ಮ ನೆರಳು ಅವರ ಮೇಲೆ, ಅವರ ಕಣ್ಣು ಅರ್ಧ ಮುಚ್ಚಿರುತ್ತದೆ. ಒಂದು ಪಕ್ಕಕ್ಕೆ ಸರಿಯಿರಿ. ಅಭಿಜಿನ್ ಲಗ್ನ ಅಂದರಂತೂ ನಡು ಮಧ್ಯಾಹ್ನ. ಮಂಡ್ಯ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯ ವಾರ, ಅಂದರೆ ಸರಿಯಾಗಿ ನಮ್ಮ ಮದುವೆ ಸೀಸನ್ನಿನಲ್ಲೇ, ಸೂರ್ಯ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಆ ಹೊತ್ತಲ್ಲಿ ಬಯಲಲ್ಲಿ ತೆಗೆದರೆ ಹಣೆ ಮೂಗು ಬೆಳ್ಳಗೆ, ಕಣ್ಣಿನ ಜಾಗದಲ್ಲಿ ಎರಡು ಗುಂಡಿ.

ಇದಕ್ಕೆ ಚಪ್ಪರವೇ ಮದ್ದು, ಅದರದ್ದೇ ತೊಂದರೆಯೂ ಇದೆ. ತೆಂಗಿನ ಗರಿ ಹೆಣೆದ ಹಸಿರು ಚಪ್ಪರ ನೋಡಲು ಚೆಂದ. ಆದರೆ ಗರಿಯ ಸಂದಿಯಿಂದ ಚುಕ್ಕೆ ಚುಕ್ಕೆ ಬಿಸಿಲು ಬಿದ್ದು ಮದುಮಗಳ ಕೆನ್ನೆ ಮೇಲೆ ಕಾಸಿನಗಲ ಬಿಳಿ ಮಚ್ಚೆ ಕೂರುತ್ತದೆ. ಚಪ್ಪರ ಹಾಕುವ ಹುಡುಗರಿಗೆ ಹೇಳಿ, ಹಸೆಯ ಮೇಲೆ ಮಾತ್ರ ಎರಡು ಪದರ ಗರಿ ಹಾಕಲಿ. ಶಾಮಿಯಾನ ಆದರೆ ಬಣ್ಣ ಕೇಳಿ. ಕೆಂಪು ಹಳದಿ ಪಟ್ಟೆ ಬಟ್ಟೆಯ ಕೆಳಗೆ ಎಲ್ಲರ ಮುಖವೂ ಕುಂಕುಮ ಮೆತ್ತಿದ ಹಾಗೆ ಬರುತ್ತದೆ. ಒಳಗಡೆ ಬಿಳಿ ಬಟ್ಟೆ ಕಟ್ಟಿಸಿದರೆ ಸಾಕು. ನೀಲಿ ಟಾರ್ಪಾಲು ಮಾತ್ರ ಬೇಡವೇ ಬೇಡ ಅಂತ ಕಾಲು ಹಿಡಿದಾದರೂ ಹೇಳಿ. ಅದರ ಕೆಳಗೆ ಮನುಷ್ಯರು ಮನುಷ್ಯರ ಬಣ್ಣದಲ್ಲಿ ಇರುವುದಿಲ್ಲ. ಹಸೆಯ ಮುಂದೆ ನೆಲಕ್ಕೆ ಒಂದು ಬಿಳಿ ಪಂಚೆ ಹಾಸಿಸಿಬಿಟ್ಟರೆ ಬೆಳಕು ಕೆಳಗಿನಿಂದ ಮುಖಕ್ಕೆ ಏಳುತ್ತದೆ. ಖರ್ಚಿಲ್ಲದ ರಿಫ್ಲೆಕ್ಟರ್. ಯಾಕೆ ಹಾಸಿದರು ಅಂತ ಯಾರೂ ಕೇಳುವುದಿಲ್ಲ, ಶಾಸ್ತ್ರ ಇರಬೇಕು ಅಂದುಕೊಳ್ಳುತ್ತಾರೆ.

ಶಾಸ್ತ್ರದ ಪಟ್ಟಿಯನ್ನು ಅಜ್ಜಿ ಹತ್ತಿರ ಬರೆದುಕೊಳ್ಳಿ

ಹುಡುಗಿಯನ್ನು ಕೇಳಬೇಡಿ. ಪಾಪ, ಅವಳು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುತ್ತಾಳೆ, ಅವಳಿಗೆ ಮೆಹಂದಿ ಟೈಮ್ ಗೊತ್ತು, ಶಾಸ್ತ್ರದ ಮಡಕೆ ಐರಣೆ ಯಾವಾಗ ತರುತ್ತಾರೆ ಅಂತ ಗೊತ್ತಿರುವುದಿಲ್ಲ. ಅಜ್ಜಿ ಇಲ್ಲವೇ ಸೋದರತ್ತೆ ಪಕ್ಕ ಕೂತು ಮೊದಲಿಂದ ಕೇಳಿ: ಚಪ್ಪರದ ಹಾಲುಗಂಬದ ಪೂಜೆ ಎಷ್ಟೊತ್ತಿಗೆ, ಐರಣೆ ಮಡಕೆ ತರುವವರು ಯಾರು, ಅರಿಶಿನ ಎಲ್ಲಿ ಹಚ್ಚುತ್ತಾರೆ, ಬಳೆ ತೊಡಿಸುವುದು ಯಾವಾಗ, ಹುಡುಗಿಯನ್ನು ಹಸೆಗೆ ಕರೆತರುವ ಸೋದರಮಾವ ಯಾರು. ಒಂದೊಂದು ಮನೆಗೆ ಒಂದೊಂದು ಥರ. ಪಕ್ಕದ ಊರಿನ ಮದುವೆ ತೆಗೆದ ಅನುಭವ ಈ ಮನೆಗೆ ನಡೆಯುತ್ತದೆ ಅಂದುಕೊಂಡರೆ ಕೆಟ್ಟಿರಿ.

ಇನ್ನೊಂದು ಪಟ್ಟಿ ಇದಕ್ಕಿಂತ ಮುಖ್ಯ. ಯಾರು ಯಾರಿಗೆ ಏನಾಗಬೇಕು? ಎಂಟು ಹೆಸರು ಸಾಕು. ಹುಡುಗಿಯನ್ನು ಎತ್ತಿ ಆಡಿಸಿದ ದೊಡ್ಡಮ್ಮ ಯಾರು, ಮಾತು ಬಿಟ್ಟಿದ್ದು ಈಗ ಮದುವೆಗೆ ಅಂತ ಬರುತ್ತಿರುವ ಚಿಕ್ಕಪ್ಪ ಯಾರು, ಕಾಯಿಲೆ ಮಲಗಿದ್ದರೂ ಕುರ್ಚಿ ಹಾಕಿಸಿಕೊಂಡು ಕೂರುವ ತಾತ ಯಾರು. ಇದು ಗೊತ್ತಿಲ್ಲದವನಿಗೆ ಇಬ್ಬರು ಗಂಡಸರು ಕೈ ಹಿಡಿದುಕೊಂಡದ್ದು ಕಾಣುತ್ತದೆ. ಗೊತ್ತಿದ್ದವನಿಗೆ ಆರು ವರ್ಷದ ಮೇಲೆ ಅಣ್ಣ ತಮ್ಮ ಮಾತಾಡಿದ್ದು ಕಾಣುತ್ತದೆ.

ಗಂಡ ತೀರಿಹೋದ ಅತ್ತೆಯೋ ದೊಡ್ಡಮ್ಮನೋ ಎಷ್ಟೋ ಮನೆಗಳಲ್ಲಿ ಈಗಲೂ ಹಸೆಯ ಹತ್ತಿರ ಬರುವುದಿಲ್ಲ. ಆದರೆ ಉಗ್ರಾಣದ ಬೀಗದ ಕೈ ಇರುವುದು ಅವರ ಸೊಂಟದಲ್ಲೇ. ಸ್ಟೇಜಿನ ಫೋಟೋಗಳಲ್ಲಿ ಅವರು ಸಿಗುವುದೇ ಇಲ್ಲ. ನೀವು ಹುಡುಕಿಕೊಂಡು ಹೋಗಿ ತೆಗೆಯಿರಿ.

ಮಾತುಕತೆ, ದುಡ್ಡು, ಕಾಗದ

ಬೇಗ ಮುಗಿಸುತ್ತೇನೆ. ಗುಂಪಿನ ಫೋಟೋ, ಮುಯ್ಯಿ ಕೊಡುವಾಗ ಒಬ್ಬೊಬ್ಬರನ್ನೂ ನಿಲ್ಲಿಸಿ ತೆಗೆಯುವುದು ಇವಕ್ಕೆ ಟ್ರೆಡಿಷನಲ್ ಫೋಟೋಗ್ರಾಫರ್ ಬೇರೆ ಇರಲಿ ಅಂತ ಮೊದಲೇ ಹೇಳಿ. ಎರಡನ್ನೂ ನಾನೇ ಮಾಡುತ್ತೇನೆ ಅಂತ ದುಡ್ಡಿನ ಆಸೆಗೆ ಒಪ್ಪಿಕೊಂಡರೆ ಎರಡೂ ಕೆಡುತ್ತವೆ. ನಾನು ಕೆಡಿಸಿದ್ದೇನೆ.

ಒಪ್ಪಂದ ಒಂದು ಹಾಳೆಯಲ್ಲಾದರೂ ಇರಲಿ. ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು: 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದೇ. ಕ್ಯಾಮೆರಾ ನಿಮ್ಮದು, ಬೆವರು ನಿಮ್ಮದು, ಹಕ್ಕು ಅವರದು. ಹಾಗಾಗಿ ಇನ್‌ಸ್ಟಾಗ್ರಾಂಗೆ ಯಾವ ಫೋಟೋ ಹಾಕಬಹುದು, ಯಾವುದು ಬೇಡ ಅನ್ನುವುದನ್ನು ಬರೆಸಿಕೊಳ್ಳಿ. ಮಕ್ಕಳ ಫೋಟೋ, ಎಣ್ಣೆ ನೀರಿನ ಶಾಸ್ತ್ರದ ಫೋಟೋ ಹಾಕುವುದೇ ಇಲ್ಲ ಅಂತ ನೀವೇ ಮುಂದಾಗಿ ಹೇಳಿದರೆ ಮನೆ ಹೆಂಗಸರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ. ಆಮೇಲೆ ಒಳಮನೆ ಬಾಗಿಲು ತಾನೇ ತೆರೆಯುತ್ತದೆ.

ಡ್ರೋನ್ ಕೇಳಿದರೆ? 2021ರ ಡ್ರೋನ್ ನಿಯಮ ಇದೆ, ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಊರು ಯಾವ ಬಣ್ಣದಲ್ಲಿದೆ ಅಂತ ನೋಡಿ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಹತ್ತಿರದ ಹಳ್ಳಿಯಾದರೆ ಆಸೆ ಬಿಡಿ. ನನ್ನನ್ನು ಕೇಳಿದರೆ ಮನೆ ಮದುವೆಗೆ ಡ್ರೋನೇ ಬೇಡ. ಧಾರೆ ಹೊತ್ತಲ್ಲಿ ತಲೆ ಮೇಲೆ ಜೇನುಹುಳದ ಹಾಗೆ ಸದ್ದು, ಕೊಟ್ಟಿಗೆಯಲ್ಲಿ ದನ ಹಗ್ಗ ಜಗ್ಗುತ್ತವೆ, ಮಂತ್ರ ಯಾರಿಗೂ ಕೇಳುವುದಿಲ್ಲ.

ಬ್ಯಾಗಿನಲ್ಲಿ

ಎರಡು ಕ್ಯಾಮೆರಾ ಬಾಡಿ. ಒಂದಕ್ಕೆ ಅಗಲಕ್ಕೆ ಕಾಣುವ 35 ಎಂಎಂ ಲೆನ್ಸ್, ಇನ್ನೊಂದಕ್ಕೆ ದೂರದ್ದನ್ನು ಹತ್ತಿರ ತರುವ 85 ಎಂಎಂ. 35 ಇದ್ದರೆ ನಾಲ್ಕು ಹೆಜ್ಜೆ ಹತ್ತಿರ ಹೋಗಲೇಬೇಕು, ಜನರ ನಡುವೆ ಸೇರಲೇಬೇಕು. ಅದೇ ಅದರ ಗುಣ. 70-200ರ ಉದ್ದನೆ ಜೂಮ್ ಲೆನ್ಸ್ ಹಿಡಿದು ತೆಂಗಿನ ಮರದ ಹಿಂದೆ ನಿಂತವನು ಪೊಲೀಸಿನವನ ಹಾಗೆ ಕಾಣುತ್ತಾನೆ.

ಅಡುಗೆಮನೆ, ದೇವರ ಕೋಣೆಯ ಕತ್ತಲಲ್ಲಿ ಲೆನ್ಸಿನ ಕಿಂಡಿ ಅಗಲ ತೆರೆದು ಎಫ್/1.8 ಅಥವಾ ಎಫ್/2, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಐಎಸ್ಒ 3200 ರಿಂದ 6400, ಶಟರ್ ವೇಗ ಸೆಕೆಂಡಿನ 1/125ಕ್ಕಿಂತ ಕೆಳಗೆ ಇಳಿಸಬೇಡಿ. ಫೋಟೋದಲ್ಲಿ ಮರಳು ಮರಳು ಕಂಡರೂ ಚಿಂತೆಯಿಲ್ಲ. ಫ್ಲ್ಯಾಶ್ ಹೊಡೆದ ಕ್ಷಣ ಎಲ್ಲರೂ ತಿರುಗಿ ನಿಮ್ಮನ್ನು ನೋಡುತ್ತಾರಲ್ಲ, ಅದು ದೊಡ್ಡ ನಷ್ಟ. ಮಿರರ್‌ಲೆಸ್ ಕ್ಯಾಮೆರಾದ ಸೈಲೆಂಟ್ ಶಟರ್ ಇಲ್ಲಿ ವರ. ಆದರೆ ರಾತ್ರಿ ಸೀರಿಯಲ್ ಸೆಟ್, ಎಲ್‌ಇಡಿ ಬಲ್ಬುಗಳ ಕೆಳಗೆ ಅದೇ ಶಟರ್ ಫೋಟೋ ತುಂಬಾ ಕಪ್ಪು ಪಟ್ಟೆ ಎಳೆಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆಗ ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, 1/100ರಲ್ಲಿ ನಿಲ್ಲಿಸಿ.

ಹುಡುಗ ಬಿಳಿ ಪಂಚೆ, ಬಿಳಿ ಶಲ್ಯದಲ್ಲಿ ಇರುತ್ತಾನೆ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಅಷ್ಟು ಬಿಳಿ ಕಂಡು ಬೆಳಕು ಜಾಸ್ತಿ ಅಂದುಕೊಂಡು ಮುಖ ಕಪ್ಪು ಮಾಡುತ್ತದೆ. ಬೆಳಕನ್ನು ಮುಖಕ್ಕೆ ಅಳೆಯಿರಿ. ಕ್ಯಾಮೆರಾ ಕಂಡದ್ದನ್ನು ತಿದ್ದದೆ ಇಡುವ ರಾ ಫೈಲಿನಲ್ಲೇ ತೆಗೆಯಿರಿ, ಚಪ್ಪರದ ಹಸಿರು ಛಾಯೆಯನ್ನು ಆಮೇಲೆ ತೆಗೆಯಬೇಕಾಗುತ್ತದೆ.

ಬಟ್ಟೆ? ಪಂಚೆ ಅಥವಾ ಸಾದಾ ಪ್ಯಾಂಟು ಶರ್ಟು. ಸುಲಭವಾಗಿ ಬಿಚ್ಚುವ ಚಪ್ಪಲಿ. ಲೇಸ್ ಕಟ್ಟುವ ಶೂ ಹಾಕಿಕೊಂಡು ಹೋದರೆ ದಿನಕ್ಕೆ ಐವತ್ತು ಸಲ ಬಿಚ್ಚಿ ಕಟ್ಟುವುದರಲ್ಲೇ ಅರ್ಧ ಮದುವೆ ತಪ್ಪಿಹೋಗುತ್ತದೆ.

ಚಪ್ಪರದ ದಿನ

ದುಡ್ಡು ಉಳಿಸಲು 'ಮುಹೂರ್ತದ ದಿನ ಮಾತ್ರ ಬನ್ನಿ' ಅನ್ನುವವರಿದ್ದಾರೆ. ಬೇಕಾದರೆ ರೇಟು ಕಡಿಮೆ ಮಾಡಿ, ಚಪ್ಪರದ ದಿನ ಬಿಡಬೇಡಿ. ನನ್ನ ಒಳ್ಳೆಯ ಫೋಟೋಗಳಲ್ಲಿ ಹೆಚ್ಚಿನವು ಆ ದಿನದವೇ. ಅವತ್ತು ಯಾರೂ ಒಳ್ಳೆ ಸೀರೆ ಉಟ್ಟಿರುವುದಿಲ್ಲ, ಹಾಗಾಗಿ ಯಾರೂ ಫೋಟೋಕ್ಕೆ ಮುಖ ಸರಿಮಾಡಿಕೊಳ್ಳುವುದಿಲ್ಲ.

ಬೆಳಗ್ಗೆ ಹೋದ ಮೊದಲ ಒಂದು ಗಂಟೆ ಕ್ಯಾಮೆರಾ ಕೊರಳಲ್ಲಿ ಇರಲಿ, ಕಣ್ಣಿಗೆ ಹೋಗುವುದು ಬೇಡ. ಬಾಳೆಕಂದು ಹೊರುವವರ ಜೊತೆ ಒಂದು ಕೈ ಹಿಡಿಯಿರಿ. ಕೊಟ್ಟ ಕಾಫಿ ಕುಡಿಯಿರಿ. ಮಕ್ಕಳು ಮಾತ್ರ ಬಿಡುವುದಿಲ್ಲ, 'ಅಂಕಲ್ ನಂದೊಂದು' ಅಂತ ಸುತ್ತಿಕೊಳ್ಳುತ್ತವೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ತೆಗೆದು ತೋರಿಸಿ. ಹತ್ತು ನಿಮಿಷಕ್ಕೆ ಅವಕ್ಕೆ ಬೇಜಾರಾಗಿ ಬೇರೆ ಆಟಕ್ಕೆ ಹೋಗುತ್ತವೆ. ಆಮೇಲೆ ನೀವು ಆ ಮನೆಯ ಕಂಬದ ಹಾಗೆ ಆಗುತ್ತೀರಿ. ಕೆಲಸ ಶುರುವಾಗುವುದು ಆಗ.

ಒಮ್ಮೆ ಹೂವು ಕಟ್ಟುತ್ತಿದ್ದ ಅಜ್ಜಿಯ ಕಡೆ ಕ್ಯಾಮೆರಾ ಎತ್ತಿದ್ದಕ್ಕೆ, 'ಅಯ್, ತಲೆ ಬಾಚ್ಕಂಡಿಲ್ಲ ಮಗಾ, ಈಗ್ಲೇ ತೆಗೀತೀಯಾ?' ಅಂದರು. ಇಳಿಸಿಬಿಟ್ಟೆ. ಮಲ್ಲಿಗೆ ಮೊಗ್ಗು ಜೋಡಿಸಿ ಕೊಡುತ್ತಾ ಪಕ್ಕದಲ್ಲೇ ಕೂತೆ. ಅರ್ಧ ಮೊಳ ಆಗುವಷ್ಟರಲ್ಲಿ ಅವರು ತಮ್ಮ ಮದುವೆಗೆ ಎತ್ತಿನ ಗಾಡಿಯಲ್ಲಿ ಬಂದ ಕಥೆಗೆ ಹೋಗಿದ್ದರು. ನಾನು ಎಷ್ಟು ಫೋಟೋ ತೆಗೆದೆ ಅನ್ನುವುದು ಅವರಿಗೆ ಗೊತ್ತೇ ಆಗಲಿಲ್ಲ. ಕದ್ದು ತೆಗೆದದ್ದಲ್ಲ, ಮುಗಿದ ಮೇಲೆ ತೋರಿಸಿದೆ. ತಲೆ ಬಾಚದ್ದಕ್ಕೆ ಬೈದು, 'ಇರ್ಲಿ ಬುಡು' ಅಂದರು.

ಮೈಸೂರಿನಲ್ಲೇ 1923ರಲ್ಲಿ ಹುಟ್ಟಿದ, 1977ರಲ್ಲಿ ಪದ್ಮಶ್ರೀ ಪಡೆದ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಫೋಟೋಗಳು ಎಲ್ಲಾದರೂ ಸಿಕ್ಕಿದರೆ ಕೂತು ನೋಡಿ. ಮಕ್ಕಳು, ಬೀದಿಯ ಜನ, ದಿನದ ಬದುಕು. ಕ್ಯಾಮೆರಾ ಬಂತು ಅಂತ ಯಾರೂ ಬೆಚ್ಚಿದ ಹಾಗೆ ಕಾಣುವುದಿಲ್ಲ. ಮದುವೆ ಫೋಟೋಗ್ರಾಫರ್‌ಗಳು ಪಾಠ ಕಲಿಯಬೇಕಾದ್ದು ಅಲ್ಲಿ. ನಾವು ನೋಡುವುದು ಬಾಲಿವುಡ್ ನಟಿಯರ ಮದುವೆ ಫೋಟೋ.

ಸೋಬಾನೆ ಹಾಡುವಾಗ ಹಾಡುವವರ ಬಾಯಿಗಿಂತ ಕೇಳುತ್ತಿರುವ ಹುಡುಗಿಯ ಅಮ್ಮನ ಮುಖ ನೋಡಿ. ಬಳೆ ತೊಡಿಸುವಾಗ ಬಳೆಗಿಂತ ಒತ್ತಿ ಹಿಡಿದ ಕೈಬೆರಳು. ಅರಿಶಿನ ಹಚ್ಚುವಾಗ ಮೊದಲ ಐದು ಜನ ಮರ್ಯಾದೆಯಿಂದ ಹಚ್ಚುತ್ತಾರೆ, ಆರನೆಯವಳು ಅತ್ತಿಗೆಯಾಗಿದ್ದರೆ ಮುಖಕ್ಕೆ ಬಳಿಯುತ್ತಾಳೆ. ಲೆನ್ಸಿಗೆ ಒಂದು ಒರೆಸುವ ಬಟ್ಟೆ ಜೇಬಿನಲ್ಲಿರಲಿ, ನಿಮಗೂ ಬೀಳುತ್ತದೆ. ರಾತ್ರಿ ಎಲ್ಲ ಮಲಗಿದ ಮೇಲೂ ಹಿತ್ತಲಿಗೆ ಒಮ್ಮೆ ಹೋಗಿ ಬನ್ನಿ. ಸೌದೆ ಒಲೆ ಮುಂದೆ ಅಡುಗೆಯವರು ತರಕಾರಿ ಹೆಚ್ಚುತ್ತಿರುತ್ತಾರೆ. ಬೆಂಕಿಯ ಬೆಳಕೊಂದೇ ಸಾಕು.

ಧಾರೆ

ವಿಡಿಯೋದವರ ಜೊತೆ ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ. ಎದುರಿನ ಜಾಗ ಅವರಿಗೆ ಬಿಡಿ, ಬಲಗಡೆ ಮೊಣಕಾಲೂರಿ ಕೂರುವ ಜಾಗ ನೀವು ಇಟ್ಟುಕೊಳ್ಳಿ. ಅವರೂ ಹೊಟ್ಟೆಪಾಡಿಗೆ ಬಂದವರೇ, ಜಗಳ ಬೇಡ. ಅವರ ವಿಡಿಯೋ ಲೈಟನ್ನು ಮುಖಕ್ಕೆ ನೇರ ಹಿಡಿಯದೆ ಚಪ್ಪರದ ಬಿಳಿ ಬಟ್ಟೆಗೆ ತಿರುಗಿಸಿದರೆ ಇಬ್ಬರಿಗೂ ಒಳ್ಳೆಯದು.

ಪುರೋಹಿತರನ್ನು ಕಂಡು, 'ಸ್ವಾಮಿ, ತೆರೆ ಇಳಿಸೋ ಮುಂಚೆ ಒಂದು ಮಾತು ಹೇಳ್ತೀರಾ' ಅಂತ ಕೇಳಿ. ಒಪ್ಪುತ್ತಾರೆ, ಆದರೆ ಆ ಹೊತ್ತಿಗೆ ಮರೆಯುತ್ತಾರೆ. ತೆರೆ ಸರಿದ ಕೂಡಲೇ ಹುಡುಗ ಹುಡುಗಿ ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಎರಡು ಸೆಕೆಂಡು, ಅಷ್ಟೇ. ನನ್ನ ಶುರುವಿನ ದಿನಗಳ ಒಂದು ಮದುವೆಯಲ್ಲಿ ಆ ಎರಡು ಸೆಕೆಂಡು ನಾನು ಹಿಂದಿನ ಫೋಟೋ ಶಾರ್ಪ್ ಬಂದಿದೆಯಾ ಅಂತ ಕ್ಯಾಮೆರಾದ ಸ್ಕ್ರೀನ್ ನೋಡುತ್ತಿದ್ದೆ. ಎಲ್ಲರೂ ಹೋ ಅಂತ ನಕ್ಕರು, ತಲೆ ಎತ್ತಿದೆ. ಇಡೀ ಚಪ್ಪರ ನಗುತ್ತಿರುವ ಫೋಟೋ ನನ್ನ ಹತ್ತಿರ ಇದೆ. ಯಾಕೆ ನಕ್ಕರು ಅನ್ನುವುದು ಇಲ್ಲ. ಅವತ್ತಿನಿಂದ ಧಾರೆ ಮುಗಿಯುವವರೆಗೆ ಸ್ಕ್ರೀನ್ ಆಫ್.

ತಾಳಿಗೆ ಕಿವಿ ಕೊಡಬೇಕು, ಕಣ್ಣಲ್ಲ. ಯಾರಾದರೂ ಹಿರಿಯರು ಕೈ ಮೇಲೆತ್ತಿ ಬೆರಳು ಆಡಿಸಿ 'ಗಟ್ಟಿಮೇಳ' ಅನ್ನುತ್ತಾರೆ. ಓಲಗದವರು ಡೋಲು ಬಿಗಿ ಮಾಡುತ್ತಾರೆ. ಅಷ್ಟರಲ್ಲಿ ನಿಮ್ಮ ಶಟರ್ 1/500ಕ್ಕೆ ಬಂದಿರಬೇಕು, ಎಫ್/4 ಇರಲಿ. ಆಗ ಗಾಳಿಯಲ್ಲಿರುವ ಅಕ್ಷತೆ ಕಾಳು ಕಾಳಾಗಿ ಸಿಗುತ್ತದೆ. ಜನ ಒಮ್ಮೆಗೇ ಮುಂದೆ ನುಗ್ಗುತ್ತಾರೆ, ಮೂವತ್ತು ಮೊಬೈಲು ಅಡ್ಡ ಬರುತ್ತವೆ. ಬಯ್ಯಬೇಡಿ. ಕೂತೇ ಇರಿ. ಕೆಳಗಿನಿಂದ ನೋಡಿದರೆ ಮೊಬೈಲುಗಳೆಲ್ಲ ಮೇಲೆ ಹೋಗಿರುತ್ತವೆ, ಮಧ್ಯೆ ದಾರಿ ಇರುತ್ತದೆ.

ಧಾರೆ ಎರೆಯುವುದು ನಿಧಾನದ ಕೆಲಸ. ನೆಂಟರು ಒಬ್ಬೊಬ್ಬರಾಗಿ ಬಂದು ಕಾಯಿ ಹಿಡಿದ ಕೈ ಮೇಲೆ ಹಾಲು ಬಿಡುತ್ತಾರೆ. ಮೊದಲ ಹತ್ತು ಫೋಟೋ ಆದ ಮೇಲೆ ಎಲ್ಲ ಫೋಟೋಗ್ರಾಫರ್‌ಗಳೂ ನೀರು ಕುಡಿಯಲು ಹೋಗುತ್ತಾರೆ. ನೀವು ಹೋಗಬೇಡಿ. ಹುಡುಗಿಯ ಅಪ್ಪ ತಮ್ಮ ಸರದಿ ಮುಗಿಸಿ ಪಕ್ಕಕ್ಕೆ ಬಂದು, ಶಲ್ಯದಲ್ಲಿ ಮುಖ ಒರೆಸಿಕೊಂಡು, ಬೆವರು ಅನ್ನುವ ಹಾಗೆ ನಟಿಸುತ್ತಾರೆ.

ಊಟ, ಬೀಗರೂಟ

ಬಾಯಿಗೆ ತುತ್ತು ಹೋಗುವಾಗ ತೆಗೆಯಬೇಡಿ, ಯಾರೂ ಚೆನ್ನಾಗಿ ಕಾಣುವುದಿಲ್ಲ. ಬಡಿಸುವವರ ಓಟ, ಎಲೆ ಮುಂದೆ ಕಾಯುವ ಮಕ್ಕಳು, 'ಇನ್ನೊಂದು ಹಾಕಿ' ಅಂತ ಬಲವಂತ ಮಾಡುವ ಮಾವ, ಇವು ಸಾಕು. ಬೀಗರೂಟಕ್ಕೂ ಕರೆದರೆ ಹೋಗಿ. ಮುದ್ದೆ, ಮಟನ್ ಸಾರಿನ ಮುಂದೆ ಎರಡೂ ಕಡೆಯವರು ಮೊದಲ ಸಲ ಸಡಿಲವಾಗಿ ಕೂತಿರುತ್ತಾರೆ. ನೀವೂ ಉಣ್ಣಿ. ಉಣ್ಣದೆ ಹೊರಟರೆ ಮನೆಯವರಿಗೆ ಬೇಜಾರು.

ಹೆಣ್ಣೊಪ್ಪಿಸುವಾಗ

ಇಲ್ಲಿ ಹಿಂದೆ ಸರಿಯಿರಿ. 85 ಎಂಎಂ ಹಾಕಿ, ಸೈಲೆಂಟ್ ಶಟರ್, ಬಾಗಿಲ ಪಕ್ಕ. ಅಳುವ ಮುಖಕ್ಕೆ ಒಂದಡಿ ದೂರದಲ್ಲಿ ಲೆನ್ಸ್ ಹಿಡಿಯುವುದು ನನಗೆ ಆಗುವುದಿಲ್ಲ. ಯಾರಾದರೂ ಕೈ ಅಡ್ಡ ಹಿಡಿದರೆ ಕ್ಯಾಮೆರಾ ಇಳಿಸಿ, ಮತ್ತೆ ಎತ್ತಬೇಡಿ. ಕಾರು ಹೋದ ಮೇಲೆ ಮಾತ್ರ ಬೇಗ ಪ್ಯಾಕ್ ಮಾಡಬೇಡಿ. ಖಾಲಿ ಚಪ್ಪರ, ಬಾಡಿದ ಗರಿ, ಹಸೆಯ ಮೇಲೆ ಚೆಲ್ಲಿದ ಅಕ್ಕಿ, ಅದನ್ನು ಹೆಕ್ಕುವ ಕೋಳಿ, ಜಗಲಿ ಮೇಲೆ ಸುಮ್ಮನೆ ಕೂತ ಅಪ್ಪ ಅಮ್ಮ. ಆ ಹತ್ತು ನಿಮಿಷ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಮನೆಗೆ ಬಂದ ಮೇಲೆ

ಮಲಗುವ ಮುಂಚೆ ಕಾರ್ಡ್ ಕಾಪಿ ಮಾಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ರಾ ಫೈಲ್ ಸುಮಾರು 25 ಎಂಬಿ ಇದ್ದರೆ, ಎರಡು ದಿನದ 3000 ಫೋಟೋಗೆ 75 ಜಿಬಿ. ಎರಡು ಹಾರ್ಡ್ ಡಿಸ್ಕ್, ಎರಡು ಬೇರೆ ಬೇರೆ ಮನೆಯಲ್ಲಿ. ಆಲ್ಬಮ್ ಕೈಗೆ ಸೇರುವವರೆಗೆ ಕಾರ್ಡ್ ಅಳಿಸಬೇಡಿ.

ಆರಿಸುವುದು ವಾರ ಬಿಟ್ಟು. 3000ದಲ್ಲಿ 400 ಉಳಿಸಿ. ಒಂದೇ ಕ್ಷಣದ ಏಳು ಫೋಟೋ ಕೊಡುವುದು ಸೋಮಾರಿತನ. ಬಣ್ಣ ಸರಿ ಮಾಡುವಾಗ ಒಂದೇ ಒಂದು ಬೇಡಿಕೆ: ಮುಖ ಬೆಳ್ಳಗೆ ಮಾಡಬೇಡಿ. ಮನೆಯವರೇ ಕೇಳುತ್ತಾರೆ, 'ಸ್ವಲ್ಪ ಬ್ರೈಟ್ ಮಾಡಿ' ಅಂತ. ನಾನು ಒಂದು ಹಾಗೆ, ಒಂದು ಇದ್ದ ಹಾಗೆ ಪ್ರಿಂಟ್ ಹಾಕಿ ಪಕ್ಕಪಕ್ಕ ಇಡುತ್ತೇನೆ. ಅರಿಶಿನ ಮೆತ್ತಿದ ಕಪ್ಪು ಚರ್ಮದ ಹೊಳಪು ಬೆಳ್ಳಗೆ ಮಾಡಿದ ಕೂಡಲೇ ಸುಣ್ಣದ ಗೋಡೆ ಆಗುತ್ತದೆ. ಹೆಚ್ಚಿನವರು ನೋಡಿ ಸುಮ್ಮನಾಗುತ್ತಾರೆ. ಕೆಲವರು ಒಪ್ಪುವುದಿಲ್ಲ, ಆಗ ಅವರು ಹೇಳಿದ ಹಾಗೆ ಮಾಡಿಕೊಡುತ್ತೇನೆ. ದುಡ್ಡು ಅವರದು.

ಆಲ್ಬಮ್ಮಿನ ಕೊನೇ ಪುಟದಲ್ಲಿ ಫೋಟೋದಲ್ಲಿರುವ ಹಿರಿಯರ ಹೆಸರು, ಊರು ಪ್ರಿಂಟ್ ಹಾಕಿಸಿ. ಇಪ್ಪತ್ತು ವರ್ಷ ಆದ ಮೇಲೆ 'ಇದ್ಯಾರು' ಅಂತ ಕೇಳುವ ಮಕ್ಕಳಿಗೆ ಉತ್ತರ ಹೇಳುವವರು ಇರುವುದಿಲ್ಲ.

ಜೊತೆಗೆ ಓಲಗದವರಿಗೆ, ಅಡುಗೆಯವರಿಗೆ, ಹೂವಿನವರಿಗೆ ಒಂದೊಂದು 4x6 ಪ್ರಿಂಟ್ ತಲುಪಿಸಿ. ಸಣ್ಣ ಖರ್ಚು. ನಾನು ಹೀಗೆ ಕೊಟ್ಟಿದ್ದ ಡೋಲಿನವರೊಬ್ಬರು ಮುಂದೆ ಕೆ.ಆರ್. ಪೇಟೆ ಹತ್ತಿರದ ಒಂದು ಮದುವೆಯಲ್ಲಿ ಸಿಕ್ಕಿದರು. ಗಟ್ಟಿಮೇಳ ಬಾರಿಸುವ ಮುಂಚೆ ನನ್ನ ಕಡೆ ತಿರುಗಿ, ರೆಡಿನಾ ಅನ್ನುವ ಹಾಗೆ ಹುಬ್ಬು ಹಾರಿಸಿದರು.